ಮಂತ್ರಿಯ ನಿದ್ದೆಮಾತು

ಚೀನಾ ದೇಶದಲ್ಲಿ ಒಂದು ಕಾಲಕ್ಕೆ ಅನುಮಾನದ ಚಕ್ರವರ್ತಿಯೊಬ್ಬನಿದ್ದ. ತನ್ನ ನೆರಳು ತನಗಿಂತ ಮುಂದೆ ಬಿದ್ದರೂ ಅವನು ತಡೆದು ನಿಲ್ಲುತ್ತಾನೆ ಎಂದು ಜನ ಹೇಳುತ್ತಿದ್ದರು, ಬಾಗಿಲು ಹಾಕಿಕೊಂಡು.

ಅವನ ಆಸ್ಥಾನದಲ್ಲಿ ಮಂತ್ರಿಯಾಗಿದ್ದು, ಮುದುಕನಾಗಿ, ಕೊರಳ ಮೇಲೆ ತಲೆ ಇಟ್ಟುಕೊಂಡೇ ಹೊರಗೆ ಬಂದವನು ಒಬ್ಬನೇ. ಹೆಸರು ಶಾಂಗ್ ಮೂ. ಈಗ ಅವನು ಮಂಜು ಕವಿಯುವ ನದಿಯ ದಡದಲ್ಲಿ ಗುಡಿಸಲು ಹಾಕಿಕೊಂಡು ಮೂಲಂಗಿ ಬೆಳೆಯುತ್ತಿದ್ದ.

ಅವನ ಬಳಿಗೆ ತಾನ್ ಯೀ ಎಂಬ ತರುಣ ಬಂದ. ರಾಜಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ. ಸೇವಂತಿಗೆ ಅರಳುವ ಹೊತ್ತಿಗೆ ರಾಜಧಾನಿಯ ದೋಣಿ ಬಂದು ಅವನನ್ನು ಕರೆದೊಯ್ಯುವುದಿತ್ತು.

ಅವನನ್ನು ಸಾಕಿ ಓದಿಸಿದ ಚಿಕ್ಕಪ್ಪನೂ ಅದೇ ಆಸ್ಥಾನದಲ್ಲಿದ್ದವನು. ಒಂದು ಬೆಳಿಗ್ಗೆ ಚಕ್ರವರ್ತಿ ಮಾತಾಡುತ್ತಿದ್ದಾಗ ಆತ ಕಿಟಕಿಯ ಕಡೆ ನೋಡಿದ. ಯಾರಿಗೆ ಸನ್ನೆ ಮಾಡಿದೆ ಎಂದು ಕೇಳಿದರು. ಹಕ್ಕಿ ನೋಡಿದೆ ಎಂದ. ತಲೆ ಹೋಯಿತು. ಆಮೇಲೆ ಅವನ ಹೆಸರೆತ್ತುವುದೂ ಅಪರಾಧವಾಯಿತು.

"ಗುರುಗಳೇ, ಅಲ್ಲಿ ಬದುಕುವುದು ಹೇಗೆಂದು ಕಲಿಸಿ" ಎಂದ ತಾನ್ ಯೀ.

"ಸಾಯದೆ ಇರುವುದು ಗೊತ್ತು. ಅದನ್ನು ಬೇಕಾದರೆ ಕಲಿಸುತ್ತೇನೆ."

"ಅದೇ ಸಾಕು."

"ಸರಿ. ಬುಟ್ಟಿ ಎತ್ತಿಕೋ. ಮೂಲಂಗಿ ಕೀಳೋಣ."

ಮೂಲಂಗಿ ಕೀಳುತ್ತಲೇ ಪಾಠ ನಡೆಯಿತು. ಸಭೆಯಲ್ಲಿ ಮಂತ್ರಿಗಳು ಹಿಡಿಯುವ ದಂತದ ಫಲಕವನ್ನು ಮುಖಕ್ಕೆ ಅಡ್ಡ ಹಿಡಿದು ನಿಲ್ಲುವ ರೀತಿ. ಅಂಗಿಯ ತೋಳಿನೊಳಗೆ ಕೈ ನಡುಗಿದರೂ ತೋಳು ನಡುಗದ ರೀತಿ. ಮಾತಾಡುವ ಮೊದಲು ಬಾಯಲ್ಲಿ ಲವಂಗ ಇಟ್ಟುಕೊಳ್ಳುವ ಪದ್ಧತಿ.

"ಲವಂಗ ಯಾಕೆ? ಬಾಯಿ ವಾಸನೆ ಬರಬಾರದು ಅಂತಲೇ?"

"ಹೊಸಬರಿಗೆ ಹಾಗೆ ಹೇಳುತ್ತಾರೆ. ಬಾಯಲ್ಲಿ ಖಾರ ಇದ್ದವನು ಅವಸರದಲ್ಲಿ ಮಾತಾಡುವುದಿಲ್ಲ."

ತಾನ್ ಯೀ ಚುರುಕು. ಬೇಸಿಗೆ ಮುಗಿಯುವಷ್ಟರಲ್ಲಿ ಅವನ ಮುಖ ಗಾಳಿಯಿಲ್ಲದ ದಿನದ ನೀರಿನಂತಾಯಿತು. ಶಾಂಗ್ ಮೂ ಬೈದರೂ ಕದಲಲಿಲ್ಲ, ಹೊಗಳಿದರೂ ಕದಲಲಿಲ್ಲ.

"ಇನ್ನು ನನಗೆ ಭಯವಿಲ್ಲ, ಗುರುಗಳೇ."

"ಹಗಲಿಗೆ ತಯಾರಾಗಿದ್ದೀಯ" ಎಂದ ಶಾಂಗ್ ಮೂ. "ಹೊಸದಾಗಿ ಬಂದವರನ್ನು ಅರಮನೆಯ ಹಿಂದಿನ ಅತಿಥಿಮನೆಯಲ್ಲಿ ಮಲಗಿಸುತ್ತಾರೆ. ರೇಷ್ಮೆ ಹಾಸಿಗೆ. ಕಾಗದದ ಗೋಡೆ. ಗೋಡೆಯ ಆಚೆ ಒಬ್ಬ ಕೂತಿರುತ್ತಾನೆ."

"ಏನು ಮಾಡುತ್ತಾನೆ?"

"ನೀನು ನಿದ್ದೆಯಲ್ಲಿ ಏನು ಹೇಳುತ್ತೀಯೋ ಅದನ್ನು ಕೇಳುತ್ತಾನೆ. ಬೆಳಿಗ್ಗೆ ಚಕ್ರವರ್ತಿಯ ಕಿವಿಗೆ ಹಾಕುತ್ತಾನೆ. ಮಂತ್ರಿಯಾದ ಮೇಲೂ ಗೋಡೆಯಾಚೆ ಅಂಥವನೊಬ್ಬ ಇದ್ದೇ ಇರುತ್ತಾನೆ."

ತಾನ್ ಯೀ ನಕ್ಕ. ಗುರು ನಗಲಿಲ್ಲ. ಶಿಷ್ಯನ ನಗು ಅಲ್ಲಿಗೇ ನಿಂತಿತು.

"ನಾನು ನಿದ್ದೆಯಲ್ಲಿ ಮಾತಾಡುತ್ತೇನೆಯೇ?"

"ಮಧ್ಯಾಹ್ನ ನೀನು ಹಗ್ಗ ಬಿಚ್ಚಿದ ದೋಣಿಯಂತೆ ಮಲಗಿರುತ್ತೀಯಲ್ಲ, ಆಗ ಕೇಳಿದ್ದೇನೆ."

"ಏನು ಹೇಳುತ್ತೇನೆ?"

"ಮೂಲಂಗಿಗೆ ನೀರು ಹಾಕು, ಹೋಗು."

ಅಂದಿನಿಂದ ತಾನ್ ಯೀಗೆ ತನ್ನ ಬಾಯಿಯ ಮೇಲೆಯೇ ಅನುಮಾನ ಹುಟ್ಟಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ, ಉಸಿರು ಕಟ್ಟಿತು. ನಿದ್ದೆಯನ್ನೇ ಬಿಟ್ಟ, ನಿಂತಲ್ಲೇ ತೂಕಡಿಸಿ ಮೂಲಂಗಿ ಮಡಿಯೊಳಗೆ ಬಿದ್ದ.

ಕೊನೆಗೆ ಒಂದು ಉಪಾಯ ಹೊಳೆಯಿತು. ಎದ್ದಾಗಿನಿಂದ ಕಣ್ಣು ಮುಚ್ಚುವವರೆಗೆ ಮನಸ್ಸಿನಲ್ಲಿ ಒಂದೇ ಮಾತನ್ನು ತಿರುಗಿಸಿದ. ಚಕ್ರವರ್ತಿ ಬಾಳಲಿ, ಚಕ್ರವರ್ತಿ ಬಾಳಲಿ. ನೀರು ಸೇದುವಾಗ ಅದೇ, ಅನ್ನ ಬೇಯಿಸುವಾಗ ಅದೇ.

ಒಂದು ಮಧ್ಯಾಹ್ನ ಎದ್ದು ಕೂತವನಿಗೆ ಶಾಂಗ್ ಮೂ ಹೇಳಿದ: "ಇವತ್ತು ನೀನು ನಿದ್ದೆಯಲ್ಲಿ ಚಕ್ರವರ್ತಿಯನ್ನು ಹರಸಿದೆ. ಸ್ಪಷ್ಟವಾಗಿತ್ತು."

ತಾನ್ ಯೀಯ ಮುಖ ಅರಳಿತು. "ಹಾಗಾದರೆ ಗೆದ್ದೆ."

"ಖಜಾನೆಯ ಅಧಿಕಾರಿಯೊಬ್ಬ ಹೀಗೆಯೇ ಮಾಡಿದ್ದ. ಚಕ್ರವರ್ತಿ ಕೇಳಿಸಿಕೊಂಡು, ನಿದ್ದೆಯಲ್ಲೂ ನನ್ನನ್ನು ಹೊಗಳುತ್ತಾನಾದರೆ ಇವನು ಎಷ್ಟು ಆಳದಲ್ಲಿ ಏನನ್ನು ಬಚ್ಚಿಟ್ಟಿರಬೇಕು ಎಂದ. ಮರುದಿನ ಆ ಹಾಸಿಗೆ ಇನ್ನೊಬ್ಬನಿಗೆ ಸಿಕ್ಕಿತು."

ನದಿಯ ಮೇಲೆ ಮಂಜು ಎದ್ದಿತ್ತು. ಆಚೆ ದಡ ಇದ್ದಂತೆಯೂ ಇಲ್ಲದಂತೆಯೂ ಕಾಣುತ್ತಿತ್ತು. ತಾನ್ ಯೀಗೆ ತಾನು ಎಚ್ಚರವಾಗಿರುವುದೇ ಸಂದೇಹವಾಯಿತು.

"ಮತ್ತೆ ನೀವು, ಗುರುಗಳೇ? ನೀವು ಏನು ಹೇಳುತ್ತಿದ್ದಿರಿ?"

"ಸಾರಿಗೆ ಉಪ್ಪು ಹೆಚ್ಚಾಗಿದೆ ಅನ್ನುತ್ತಿದ್ದೆ."

"ಅಷ್ಟೆಯೇ?"

"ಅಷ್ಟೆ. ಅಡುಗೆಯವನನ್ನು ಬೈಯುತ್ತಿದ್ದೆ. ಆ ಮಾತು ಕೇಳಿ ಚಕ್ರವರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಮಂತ್ರಿಗಳೇ, ಸಾರು ಹೇಗಿತ್ತು ಎಂದು ಸಭೆಯಲ್ಲಿ ಕೆಣಕುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಕ್ಕವರು ಒಬ್ಬೊಬ್ಬರಾಗಿ ಹೋದರು. ನಾನು ಉಳಿದೆ."

"ಅದನ್ನೇ ಕಲಿಸಿ. ನಾನೂ ಸಾರಿನ ಮಾತೇ ಆಡುತ್ತೇನೆ."

"ಬಾಯಿಪಾಠ ಮಾಡಿದರೆ ಬರುವುದಿಲ್ಲ, ಅದು ಗೊತ್ತಾಯಿತಲ್ಲ. ಎಚ್ಚರವಿದ್ದಾಗ ಸಾರಿನ ಚಿಂತೆ ನಿಜವಾಗಿಯೂ ಇರಬೇಕು. ಬೇರೆ ಯಾವುದೂ ಇರಬಾರದು. ಮೊದಲು ಕೋಪ ಹೋಗಬೇಕು, ಆಮೇಲೆ ಆಸೆ. ನೆನಪು ಕೊನೆಗೆ ಹೋಗುತ್ತದೆ. ಅದಕ್ಕೆ ಬೇರು ಜಾಸ್ತಿ."

ಶಾಂಗ್ ಮೂ ಕೈಗಂಟಿದ ಮಣ್ಣನ್ನು ಉದುರಿಸಿದ.

"ನನ್ನ ಹೆಂಡತಿ ತೀರಿಕೊಂಡ ದಿನ ಅತ್ತು ಮಲಗಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ಸಭೆಯಲ್ಲಿ ಚಕ್ರವರ್ತಿ, ಇವತ್ತೂ ಉಪ್ಪು ಹೆಚ್ಚೇ ಮಂತ್ರಿಗಳೇ, ಎಂದ."

ತಾನ್ ಯೀ ಚಾಪೆ ಸುತ್ತಿಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ನಾನು ಮೊದಲೆಲ್ಲ ನಿದ್ದೆಯಲ್ಲಿ ಏನು ಹೇಳುತ್ತಿದ್ದೆ? ಈಗಲಾದರೂ ಹೇಳಿ."

"ಚಿಕ್ಕಪ್ಪಾ, ಒಳಗೆ ಬಾ, ಮಳೆ ಬರುತ್ತಿದೆ, ಅನ್ನುತ್ತಿದ್ದೆ. ಹೆಸರು ಹಿಡಿದೂ ಕರೆಯುತ್ತಿದ್ದೆ. ಈ ತಿಂಗಳು ಕರೆದಿಲ್ಲ."

ದಿನಗಳು ಕಳೆದವು. ಸೇವಂತಿಗೆ ಅರಳಿತು. ಒಂದು ಬೆಳಿಗ್ಗೆ ಮಂಜಿನೊಳಗಿಂದ ಹಳದಿ ಪತಾಕೆಯ ದೋಣಿ ಸದ್ದಿಲ್ಲದೆ ತೇಲಿ ಬಂದು ದಡಕ್ಕೆ ತಾಗಿತು. ಅರಮನೆಯ ಅಧಿಕಾರಿ ಇಳಿದು ಕೈ ಜೋಡಿಸಿದ. ತಾನ್ ಯೀ ಗಂಟು ಹೆಗಲಿಗೇರಿಸಿದ್ದ. ಬಾಯಲ್ಲಿ ಲವಂಗವಿತ್ತು.

ದೋಣಿಯ ಹಲಗೆಯ ಮೇಲೆ ಒಂದು ಕಾಲಿಟ್ಟು ಅವನು ನಿಂತುಬಿಟ್ಟ. ಚಿಕ್ಕಪ್ಪನ ಮುಖ ನೆನಪಿಸಿಕೊಳ್ಳಲು ನೋಡಿದ. ಹಣೆ ಬಂತು, ಹುಬ್ಬು ಬಂತು. ಕಣ್ಣು ಬರಲಿಲ್ಲ.

"ಹತ್ತಿ, ಸ್ವಾಮಿ" ಎಂದ ಅಧಿಕಾರಿ. "ಹೊತ್ತಾಗುತ್ತದೆ."

ತಾನ್ ಯೀ ಹಿಂದಿರುಗಿ ಗುರುವಿನ ಬಳಿ ಬಂದ. "ಬರುವುದಿಲ್ಲ ಎಂದರೆ ಏನಾಗುತ್ತದೆ?"

"ರಾಜದ್ರೋಹವಾಗುತ್ತದೆ. ಆದರೆ ನಿದ್ದೆಯಲ್ಲಿ ಎದ್ದು ನಡೆಯುವವರನ್ನು ಅರಮನೆಯೊಳಗೆ ಬಿಡುವುದಿಲ್ಲ. ಚಕ್ರವರ್ತಿ ಹೆದರುವುದು ಅಂಥವರಿಗೆ ಮಾತ್ರ. ಮಾತಾಡುವವನ ಮಾತು ಕೇಳಬಹುದು, ನಡೆಯುವವನು ಎಲ್ಲಿಗೆ ನಡೆದುಬರುತ್ತಾನೆ ಎಂದು ಯಾರಿಗೆ ಗೊತ್ತು? ಹಾಗೆಂದು ಹೇಳಿಕೊಂಡವನ ಹೆಸರು ಹೊಡೆದುಹಾಕುತ್ತಾರೆ. ಮತ್ತೆ ಪರೀಕ್ಷೆ ಇಲ್ಲ, ಪದವಿ ಇಲ್ಲ. ಚಿಕ್ಕಪ್ಪ ಓದಿಸಿದ್ದೆಲ್ಲ ಈ ಮೂಲಂಗಿಗೆ."

ತಾನ್ ಯೀ ಲವಂಗವನ್ನು ಉಗುಳಿದ. ದೋಣಿಯ ಬಳಿಗೆ ಹೋಗಿ ಬಾಗಿ ನಮಸ್ಕರಿಸಿದ.

"ಸ್ವಾಮಿ, ನನಗೊಂದು ಕಾಯಿಲೆಯಿದೆ. ಮೊದಲೇ ತಿಳಿಸಬೇಕಿತ್ತು. ನಿದ್ದೆಯಲ್ಲಿ ಎದ್ದು ನಡೆಯುತ್ತೇನೆ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ. ಶಾಂಗ್ ಮೂವಿನ ಕಡೆ ನೋಡಿದ.

"ಹೌದು" ಎಂದ ಶಾಂಗ್ ಮೂ. "ನನ್ನ ಮೂಲಂಗಿ ಮಡಿಯನ್ನು ಹಾಳು ಮಾಡಿದ್ದಾನೆ. ಬೇಕಾದರೆ ಬಂದು ನೋಡಿ."

ಅಧಿಕಾರಿ ನೋಡಲು ಬರಲಿಲ್ಲ. ದೋಣಿ ಬಂದಂತೆಯೇ ಸದ್ದಿಲ್ಲದೆ ಮಂಜಿನೊಳಗೆ ಕರಗಿತು. ಪತಾಕೆಯ ಹಳದಿ ಸ್ವಲ್ಪ ಹೊತ್ತು ಉಳಿದು ಅದೂ ಹೋಯಿತು.

ಇಬ್ಬರೂ ಗುಡಿಸಲಿಗೆ ಬಂದರು. ಮಧ್ಯಾಹ್ನ ಊಟವಾದ ಮೇಲೆ ತಾನ್ ಯೀ ಚಾಪೆ ಬಿಡಿಸಿದ. ಮಲಗಲಿಲ್ಲ, ಕೂತೇ ಇದ್ದ.

"ಗುರುಗಳೇ, ಕರೆದರೆ ಚಿಕ್ಕಪ್ಪ ಮತ್ತೆ ಬರುತ್ತಾರೆಯೇ?"

"ಮಲಗಿ ನೋಡು."

"ನೀವು ಕೇಳಿಸಿಕೊಳ್ಳುತ್ತೀರಾ?"

ಶಾಂಗ್ ಮೂ ತನ್ನ ಚಾಪೆಯನ್ನು ಶಿಷ್ಯನ ಚಾಪೆಯ ಪಕ್ಕಕ್ಕೆ ಎಳೆದುಕೊಂಡು ಮಲಗಿದ. ಕಣ್ಣು ಮುಚ್ಚಿಕೊಂಡು ಹೇಳಿದ:

"ಕೇಳಿಸಿಕೊಳ್ಳುತ್ತೇನೆ. ಅವರು ಬಂದರೆ ಹಾಗೆಯೇ ರುಯೀಲಾನ್ ಎಂದೂ ಒಮ್ಮೆ ಕರೆ, ತಮ್ಮಾ. ನನ್ನ ಹೆಂಡತಿ. ನಾನು ಕರೆದರೆ ಬರುವುದಿಲ್ಲ."