ಇರುವೆ ನಡಿಗೆ ಕಲಿತ ತಿಮ್ಮಿ

ಕಾಲು ಚಾಚ್ಕೊಂಡು ಮಲಗು ಮಗಳೇ, ಹೇಳ್ತೀನಿ. ಹುಳಹುಪ್ಪಟೆಗೂ ಮಾತು ಬರ್ತಿದ್ದ ಒಂದಾನೊಂದು ಕಾಲದಲ್ಲಿ, ಹಿತ್ತಲ ಸೀಬೆಮರದಲ್ಲಿ ಒಬ್ಬಳು ಜೇಡಮ್ಮ ಇದ್ದಳಂತೆ. ಬಲೆ ಹೆಣೆಯೋ ಜೇಡ ಅಲ್ಲ, ನೆಗೆಯೋ ಜೇಡ. ಅವಳಿಗೆ ಮೂರು ಹೆಣ್ಣುಮಕ್ಕಳು, ಈರಿ, ಚೆನ್ನಿ, ತಿಮ್ಮಿ. ಒಂದಿನ ಒಂದು ಕಣಜ ಬಂದು ಈರಿಯನ್ನ ಕುಟುಕಿ, ಮಂಪರು ಬರಿಸಿ ಎತ್ಕೊಂಡು ಹೋಯ್ತಂತೆ, ಮಾರನೇ ದಿನ ಚೆನ್ನಿನೂ ಹಾಗೇ ಹೋದಳಂತೆ. ಕಣಜ ಅವರನ್ನ ತಿನ್ನಲಿಲ್ಲ, ಮುಂದೆ ಹುಟ್ಟೋ ತನ್ನ ಮರಿಗಿರಲಿ ಅಂತ ಗೋಡೆ ಮೇಲಿನ ಮಣ್ಣಿನ ಗೂಡಲ್ಲಿ ಜೀವಂತ ಇಟ್ಟು, ಗೂಡಿನ ಬಾಯಿಗೆ ಮಣ್ಣು ಮೆತ್ತಿತ್ತಂತೆ.

ನಾನು ಹೋಗಿ ಕರ್ಕೊಂಡು ಬರ್ತೀನಿ ಅಂದಳಂತೆ ತಿಮ್ಮಿ. ಬೇಡ ಕಣೇ, ಗೋಡೆಗೆ ಹೋಗೋ ದಾರಿ ತುಂಬ ಇರುವೆ, ಜೇಡ ಕಂಡ್ರೆ ಹರಿದು ಹಾಕ್ತಾವೆ, ನೀನೂ ಹೋದ್ರೆ ನನಗ್ಯಾರು ಅಂತ ಜೇಡಮ್ಮ ಅತ್ತಳಂತೆ. ತಿಮ್ಮಿ ಎಲೆ ಮರೆಯಲ್ಲಿ ಕೂತು ಇರುವೆಗಳನ್ನೇ ನೋಡಿದಳು. ಅವಕ್ಕೆ ಆರು ಕಾಲು, ಎರಡು ಮೀಸೆ. ತನಗೆ ಎಂಟು ಕಾಲು. ಆಮೇಲೆ ಮುಂದಿನ ಎರಡು ಕಾಲು ಎತ್ತಿ ಮೀಸೆ ಥರ ಆಡಿಸ್ತಾ, ನೆಗೆಯೋದು ಬಿಟ್ಟು, ಅತ್ತಿತ್ತ ವಾಲಾಡ್ತಾ ಸರಸರ ನಡೆದಳಂತೆ. ಹೆತ್ತಮ್ಮನೇ ಇರುವೆ ಅಂತ ಹೆದರಿ ಅವಿತ್ಕೊಂಡಳಂತೆ.

ಸರಿ, ಹೊರಟಳು. ಮೊದಲು ಓತಿಕ್ಯಾತ ಸಿಕ್ತು, ಥೂ, ಹುಳಿ ಇರುವೆ ಅಂತ ಮುಖ ತಿರುಗಿಸ್ತಂತೆ. ಆಮೇಲೆ ಇರುವೆ ಸಾಲು. ಒಂದು ಕಾವಲಿರುವೆ ಮೂಸಿ ನೋಡೋಕೆ ಹತ್ರ ಬಂತು. ಮೂಸಿದ್ರೆ ಗುಟ್ಟು ರಟ್ಟಾಗುತ್ತಲ್ಲ, ತಿಮ್ಮಿ ನೂಲು ಬಿಟ್ಟು ಕೆಳಗೆ ಜೋತುಬಿದ್ದು, ಅದು ಆಚೆ ಹೋದಮೇಲೆ ಹತ್ತಿ ಬಂದಳಂತೆ.

ಆಮೇಲೆ ಗೂಡು ಸಿಕ್ತು. ಮಣ್ಣು ಇನ್ನೂ ಹಸಿ. ಕೆರೀತಿದ್ದಾಗಲೇ ಜುಂಯ್ ಅಂತ ಕಣಜ ಬಂತು. ತಿಮ್ಮಿ ಓಡಲಿಲ್ಲ ಮಗಳೇ. ಮೀಸೆ ಆಡಿಸ್ತಾ ಕಣಜದ ಕಡೆಗೇ ನಡೆದು ಅಂದಳಂತೆ,

"ಗೂಡು ಚೆನ್ನಾಗಿದೆ. ನಮ್ಮೋರೆಲ್ಲ ಹಿಂದೆ ಬರ್ತಿದ್ದಾರೆ, ಇಲ್ಲೇ ಇರ್ತೀವಿ."

ಗೂಡಿಗೆ ನುಗ್ಗಿ ಮೊಟ್ಟೆ ಮರಿ ತಿನ್ನೋ ಇರುವೆ ದಂಡೇ ಬಂತು ಅಂತ ಕಣಜ ಹೆದರಿತಂತೆ. ಗೂಡು ಗೀಡು ಎಲ್ಲ ಬಿಟ್ಟು ಹಾರಿದ್ದು, ಊರಾಚೆ ಹೋಗೋತನಕ ತಿರುಗಿ ನೋಡಲಿಲ್ಲವಂತೆ.

ತಿಮ್ಮಿ ಮಣ್ಣು ಒಡೆದು ಅಕ್ಕಂದಿರನ್ನ ಎಳೆದು, ಇಬ್ಬನಿ ಚಿಮುಕಿಸಿದಳು. ಮಂಪರು ಇಳಿದು ಕಣ್ಣು ಬಿಟ್ರೆ ಎದುರಿಗೆ ಇರುವೆ! ಚಿಟ್ಟನೆ ಚೀರಿದರಂತೆ. ತಿಮ್ಮಿ ಎತ್ತಿದ್ದ ಕಾಲು ಕೆಳಗಿಟ್ಟು, ಒಂದು ಗೇಣು ನೆಗೆದು ತೋರಿಸಿದಳು. ಅಯ್ಯೋ ನಮ್ಮ ತಿಮ್ಮಿ ಕಣೇ ಅಂತ ಇಬ್ಬರೂ ತಬ್ಕೊಂಡು ಅತ್ತರಂತೆ, ನಕ್ಕರಂತೆ.

ಆಮೇಲೆ ಅವರಿಗೂ ನಡಿಗೆ ಕಲಿಸಿ, ಮೂವರೂ ಮೀಸೆ ಆಡಿಸ್ತಾ ಇರುವೆ ಸಾಲಿನ ಪಕ್ಕದಲ್ಲೇ ರಾಣಿಯರ ಹಾಗೆ ಮನೆಗೆ ಬಂದರಂತೆ. ಜೇಡಮ್ಮ ಈ ಸಲ ಅವಿತ್ಕೊಳ್ಳಲಿಲ್ಲ, ಎಂಟೂ ಕಾಲು ಚಾಚಿ ಮಕ್ಕಳನ್ನ ಬಾಚಿ ತಬ್ಕೊಂಡಳಂತೆ. ತಿಮ್ಮಿ ಮಕ್ಕಳು ಮೊಮ್ಮಕ್ಕಳೆಲ್ಲ ಇವತ್ತಿಗೂ ಹಾಗೇ ನಡೀತಾರಂತೆ.

ಅಲ್ಲಿಗೆ ಅವರು ಸುಖವಾಗಿದ್ರು, ನನ್ನ ಕತೆನೂ ಮುಗೀತು, ನಿನ್ನ ಕಣ್ಣೂ ಮುಚ್ತು.