ಹಾಲವಾಣದ ಮೈಗೆ ಮುಳ್ಳು ಬಂದದ್ದು

ಲೋಕಕ್ಕೆ ಇನ್ನೂ ಬಾಣಂತಿ ವಾಸನೆ ಹೋಗಿರಲಿಲ್ಲ, ಅಂಥ ಹೊಸ ಕಾಲ. ಕಡಲಿಗೆ ಆಗಷ್ಟೇ ಉಪ್ಪು ಹಿಡಿದಿತ್ತು. ಮರ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಕಡಲು ಮಾತಾಡುತ್ತಿತ್ತು. ಮನುಷ್ಯರು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಅದೊಂದು ಇವತ್ತಿಗೂ ಬದಲಾಗಿಲ್ಲ.

ಆಗ ಕಡಲ ದಂಡೆಯಲ್ಲಿ ಎರಡು ಮರ ನಿಂತಿದ್ದವು, ಅಕ್ಕ ತಂಗಿ. ಅಕ್ಕ ಮಾವು. ತಂಗಿ ಹಾಲವಾಣ.

ಮಾವಿನ ಜಂಬ ಕೇಳಬೇಡ ಮಗಾ. ಹಣ್ಣಾದರೆ ಊರೆಲ್ಲ ಅವಳ ಬುಡದಲ್ಲೇ. ಅತ್ತೆ ಮನೆಗೆ ಹೋಗುವವರು, ತವರಿಗೆ ಬರುವವರು, ಎಲ್ಲರಿಗೂ ಅವಳೇ ಬೇಕು. ಹಾಲವಾಣಕ್ಕೆ ಹಣ್ಣಿಲ್ಲ, ಹಂಪಲಿಲ್ಲ. ಆದರೆ ಮೈ ಅಂದರೆ ಮೈ. ಬಾಳೆದಿಂಡಿನ ನುಣುಪು. ಹುಡುಕಿದರೂ ಒಂದು ಮುಳ್ಳಿಲ್ಲ. ವರ್ಷವಿಡೀ ಹಸಿರು ಉಟ್ಟವಳು. ಒಳಗೆ ಕಬ್ಬಿಣದಂಥ ಚೇಗು, ಮರದ ಗಟ್ಟಿ ತಿರುಳು.

ಅಂಥವಳು ಹೀಗಾದಳು. ಯಾಕೆ ಅಂತ ಕೇಳು.

ಆ ದಂಡೆಯಲ್ಲಿ ಜಟ್ಗ ಅಂತ ಒಬ್ಬನಿದ್ದ, ಮೀನು ಹಿಡಿಯುವವ. ಅವನ ಹೆಂಡತಿ ಹೊನ್ನಿ. ಹೊನ್ನಿ ಕೆಟ್ಟವಳಲ್ಲ. ಕಿವಿ ಮಾತ್ರ ಹಿತ್ತಾಳೆಯದು.

ಮೊದಮೊದಲು ಜಟ್ಗ ಮೊಣಕಾಲು ನೀರಿನಲ್ಲಿ ನಿಂತು ಕೈಯಲ್ಲೇ ಮೀನು ಹಿಡಿಯುತ್ತಿದ್ದ. ದೊಡ್ಡ ಮೀನು ಮೊಣಕಾಲು ನೀರಿಗೆ ಯಾಕೆ ಬರ್ತದೆ? ಅದನ್ನು ನೋಡಿ ಮಾವು ಕರೆದು ಹೇಳಿದಳು, "ನನ್ನ ಕಾಂಡ ಕಡಿ ಜಟ್ಗ. ಒಳಗೆ ಕೊರೆದು ದೋಣಿ ಮಾಡು. ನನಗೂ ಕಡಲು ನೋಡಬೇಕು."

ಜಟ್ಗ ಕಡಿದ, ಕೊರೆದ. ದೋಣಿ ಆಯಿತು. ಉದ್ದ, ಸಪೂರ, ಅಡಿ ಮೊಟ್ಟೆಯ ಹಾಗೆ ಉರುಟು. ನೋಡಲಿಕ್ಕೆ ಚಂದ. ನೀರಿಗೆ ಇಳಿಸಿದ ಕೂಡಲೇ ಪಡುವಣ ಗಾಳಿ ಬಂತು. ಆ ಗಾಳಿಯೋ, ಕುಡಿಯದೆಯೇ ಅಮಲೇರಿದ್ದು. ಭುಜ ಕೊಟ್ಟು ಒಂದು ಸಲ ತಳ್ಳಿತು. ದೋಣಿ ಮಗುಚಿತು, ಜಟ್ಗ ಉಪ್ಪುನೀರು ಕುಡಿದ.

ಮರುದಿನವೂ ಹೋದ. ಗಾಳಿ ತಳ್ಳಿತು, ದೋಣಿ ಮಗುಚಿತು. ಅದರ ಮರುದಿನವೂ ಹಾಗೆಯೇ.

"ಮೀನು ತರ್ತೇನೆ ಅಂತ ಹೋದವ ಮೀನಿಗೆ ಊಟ ಆಗುವ ಅಂದಾಜಾ?" ಅಂದಳು ಹೊನ್ನಿ. ಬಾಯಿ ಜೋರಾದರೂ ಕಣ್ಣು ಒದ್ದೆ. ಒಲೆ ತಣ್ಣಗಿತ್ತು.

ಜಟ್ಗ ದಂಡೆಗೆ ಬಂದು ಹಾಲವಾಣದ ಬುಡದಲ್ಲಿ ಕೂತ. ಆಗ ಮೇಲಿನಿಂದ ಮಾತು ಕೇಳಿತು.

"ಜಟ್ಗಣ್ಣ, ನನ್ನದೊಂದು ಕೊಂಬೆ ತಗೊ. ಅಕ್ಕನ ಪಕ್ಕಕ್ಕೆ ಕಟ್ಟು. ಅವಳು ಬೀಳುವಾಗ ನಾನು ಹಿಡಿದುಕೊಳ್ತೇನೆ."

"ಕೊಂಬೆ ಹೋದರೆ ನಿನಗೆ ನೋವಾಗುವುದಿಲ್ವಾ?"

"ಆಗ್ತದೆ. ಅಕ್ಕ ಮುಳುಗಿದರೆ ಅದಕ್ಕಿಂತ ಹೆಚ್ಚಾಗ್ತದೆ."

ಆ ಕಾಲದಲ್ಲಿ ಮರ ಎಷ್ಟು ತುಂಡಾದರೂ ಒಂದೇ ಮರ. ಕೊಂಬೆ ಕಡಲಿನಲ್ಲಿ, ಬುಡ ದಂಡೆಯಲ್ಲಿ. ಕೊಂಬೆ ಕೇಳಿದ್ದು ಬುಡಕ್ಕೆ ಕೇಳುತ್ತಿತ್ತು.

ಜಟ್ಗ ಒಂದು ಒಳ್ಳೆಯ ಕೊಂಬೆ ಆರಿಸಿ ಕಡಿದ. ಆ ಕೊಂಬೆಯ ಪೊಟರೆಯಲ್ಲಿ ಒಂದು ಗೊರವಂಕ ಸಂಸಾರ ಹೂಡಿತ್ತು. "ಮನೆ ಮುರುಕ!" ಅಂತ ಕಿರುಚಿ ಹಾರಿಹೋಯಿತು. ಆ ಹಕ್ಕಿಯನ್ನು ನೆನಪಿಟ್ಟುಕೊ.

ಕೊಂಬೆಯನ್ನು ನೀರಿಗೆ ಹಾಕಿದರೆ ಗುಡುಂ ಅಂತ ಮುಳುಗಿತು. ಚೇಗು ತುಂಬಿದ ಮರ, ತೇಲುವುದು ಹೇಗೆ?

ಕಡಲಮ್ಮ ಹೇಳಿದಳು, "ನಿನ್ನ ಒಳಗಿನ ಗಟ್ಟಿಯನ್ನೆಲ್ಲ ನನಗೆ ಕೊಡು, ಹೊರುತ್ತೇನೆ. ಪುಕ್ಕಟೆ ಯಾರನ್ನೂ ಹೊತ್ತವಳಲ್ಲ ನಾನು."

ಚೇಗು ಹೋದರೆ ಮರಕ್ಕೆ ಮರ್ಯಾದೆ ಇಲ್ಲ. ಬಾಗಿಲಿಗೆ ಬೇಡ, ಕಂಬಕ್ಕೆ ಬೇಡ. ಹಾಲವಾಣ ಅಕ್ಕನ ಮುಖ ನೋಡಿದಳು.

"ಕೊಡು, ಕೊಡು. ಅದನ್ನು ಇಟ್ಟುಕೊಂಡು ನಿನಗೆ ಎಂತ ಮಾಡುವುದಿದೆ?" ಅಂದಳು ಮಾವು.

ಕೊಟ್ಟಳು. ಕೊಂಬೆ ಹಗುರಾಯಿತು, ದಂಡೆಯ ಬುಡವೂ ಹಗುರಾಯಿತು. ಹತ್ತಿಯ ಹಾಗೆ.

ಜಟ್ಗ ದೋಣಿಗೆ ಅಡ್ಡಲಾಗಿ ಎರಡು ಗಳ ಕಟ್ಟಿದ, ಎರಡು ತೋಳು ಚಾಚಿದ ಹಾಗೆ. ಆ ಗಳದ ತುದಿಗೆ ಹಾಲವಾಣದ ಕೊಂಬೆ ಕಟ್ಟಲು ಹೋದ.

"ಹತ್ತಿರ ಕಟ್ಟಬೇಡ ಅಣ್ಣ," ಅಂದಳು ಹಾಲವಾಣ. "ಒಂದು ಮಾರು ದೂರ ಇರಲಿ. ಕೈ ಚಾಚಿ ಹಿಡಿದರೆ ಮಾತ್ರ ಹಿಡಿದ ಹಾಗೆ. ಮೈಗೆ ಅಂಟಿಕೊಂಡರೆ ಇಬ್ಬರೂ ಬೀಳ್ತೇವೆ."

ಮರುದಿನ ದೋಣಿ ಕಡಲಿಗಿಳಿಯಿತು. ಗಾಳಿ ಈಚೆಯಿಂದ ತಳ್ಳಿತು. ಹಾಲವಾಣ ನೀರಿಗೆ ಎದೆ ಕೊಟ್ಟು ಮುಳುಗದೆ ಹಿಡಿದಳು. ಗಾಳಿ ಆಚೆಯಿಂದ ತಳ್ಳಿತು. ಹಾಲವಾಣ ನೀರು ಬಿಟ್ಟು ಮೇಲೆದ್ದಳು. ಆಗ ಜಟ್ಗ ಸರಸರ ಗಳದ ಮೇಲೆ ಹೋಗಿ ಕೂತು ತನ್ನ ಭಾರದಿಂದ ಅವಳನ್ನು ಮತ್ತೆ ನೀರಿಗೆ ಅದುಮಿದ. ದೋಣಿ ನೆಟ್ಟಗಾಯಿತು.

ಗಾಳಿ ತಳ್ಳಿತು, ಹಾಲವಾಣ ಹಿಡಿದಳು. ದಿನವೂ ಗಾಳಿ ತಳ್ಳಿತು, ದಿನವೂ ಹಾಲವಾಣ ಹಿಡಿದಳು. ಹೊನ್ನಿಯ ಒಲೆ ಹೊತ್ತಿತು, ಬಂಗಡೆ ಸಾರಿನ ಘಮ ದಂಡೆಗೆಲ್ಲ ಬಂತು.

ಊರು ಬಂದು ನೋಡಿತು. "ಎಂಥ ದೋಣಿ ಮಾರಾಯ! ಅಲ್ಲಾಡುವುದೇ ಇಲ್ಲ!" ಅಂದಿತು. ದೋಣಿಯ ಮೂತಿಗೆ ಕುಂಕುಮ ಹಚ್ಚಿತು, ಹೂ ಮುಡಿಸಿತು. ಪಕ್ಕಕ್ಕೆ ಕಟ್ಟಿದ ಹಾಲವಾಣದ ಮೇಲೆ ಒದ್ದೆ ಬಲೆ ಹರವಿತು, ಕೆಸರು ಕಾಲು ಉಜ್ಜಿತು. ತಂಗಿ ಹಿಡಿದುಕೊಂಡಿದ್ದಾಳೆ ಅಂತ ಮಾವು ಬಾಯಿ ಬಿಟ್ಟಳಾ? ಇಲ್ಲ. ಹೂ ಮುಡಿದುಕೊಂಡು ನೀರಿನಲ್ಲಿ ಮುಖ ನೋಡಿಕೊಂಡಳು.

ಹಾಲವಾಣ ಅದಕ್ಕೂ ಬೇಜಾರು ಮಾಡಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಅವಳಿಗೆ ಮುಳ್ಳೂ ಬರುತ್ತಿರಲಿಲ್ಲ.

ಒಂದು ದಿನ ಹೊನ್ನಿ ಮೀನು ಒಣಗಿಸುತ್ತಿದ್ದಳು. ಆ ಗೊರವಂಕ ಬಂದು ಚಪ್ಪರದ ಮೇಲೆ ಕೂತಿತು.

"ಹೊನ್ನಕ್ಕ, ಹೇಳಬಾರದು ಅಂತಲೇ ಇದ್ದೆ."

"ಎಂತದೇ?"

"ಬಿಡು. ಬೇರೆಯವರ ಸಂಸಾರದ ಉಸಾಬರಿ ನನಗ್ಯಾಕೆ."

"ಇಷ್ಟು ಹೇಳಿ ಬಿಡು ಅಂದರೆ ಹೇಗೆ ಮಾರಾಯ್ತಿ? ಹೇಳು, ಹೇಳು."

"ಗಾಳಿ ಎದ್ದರೆ ಸಾಕಂತೆ. ನಿನ್ನ ಗಂಡ ದೋಣಿ ಬಿಟ್ಟು ಹೋಗಿ ಅವಳ ತೋಳಿನ ಮೇಲೆ ಕೂರ್ತಾನಂತೆ."

"ಯಾರ ತೋಳು?"

"ಇನ್ಯಾರದು? ಆ ಹಾಲವಾಣದ್ದು."

ಹೊನ್ನಿಯ ಕೈಯ ಮೀನು ಕೈಯಲ್ಲೇ ಉಳಿಯಿತು. "ಎಷ್ಟು ಹೊತ್ತು ಕೂರ್ತಾನೆ?"

"ಗಾಳಿ ಇಳಿಯುವ ತನಕ." ಗೊರವಂಕ ಆಚೀಚೆ ನೋಡಿ ದನಿ ತಗ್ಗಿಸಿತು. "ಮೊನ್ನೆ ಇಳಿದ ಮೇಲೂ ಕೂತಿದ್ದನಂತೆ."

ಈ ಕಡೆಯ ಮಾತೊಂದೇ ಸುಳ್ಳು. ಉಳಿದದ್ದೆಲ್ಲ ನಿಜವೇ. ಚಾಡಿಗೆ ಅಷ್ಟು ಒಗ್ಗರಣೆ ಸಾಕು ಮಗಾ, ಮನೆ ಮನೆಗೆ ಘಮ ಹೋಗ್ತದೆ.

ಹೋಯಿತು. ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತು ಕೇಳಿಸಿಕೊಂಡಿತು, ಏಡಿ ಅಡ್ಡಡ್ಡ ಓಡಿ ಹಂಚಿ ಬಂತು. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನಿಂತರು.

"ಒಳಗೆ ಪೂರಾ ಟೊಳ್ಳಂತೆ ಕಣೇ."

"ಒಳ್ಳೆಯ ಮನೆತನದ ಮರ ಸುಮ್ಮಸುಮ್ಮನೆ ಟೊಳ್ಳಾಗ್ತದಾ?"

"ಚೇಗು ಯಾರಿಗೆ ಕೊಟ್ಟಳೋ, ಯಾಕೆ ಕೊಟ್ಟಳೋ. ಕೇಳಿದವರ್ಯಾರು?"

ನಿಜ, ಕೇಳಿದವರು ಯಾರೂ ಇರಲಿಲ್ಲ. ಕಡಲಮ್ಮ ಪಕ್ಕದಲ್ಲೇ ಇದ್ದಳು, ಅವಳನ್ನೂ ಕೇಳಲಿಲ್ಲ.

ಹೊನ್ನಿ ದೋಣಿಯ ಹತ್ತಿರ ಹೋದಳು. "ನೀನು ಜೊತೆಗೇ ಇರುವವಳು. ನನ್ನ ಮೇಲೆ ಆಣೆ ಇಟ್ಟು ನಿಜ ಹೇಳು. ಅವರಿಬ್ಬರ ನಡುವೆ ಎಂತ ಉಂಟು?"

ಅಕ್ಕ ಒಂದು ಮಾತು ಆಡಿದ್ದರೆ ಸಾಕಿತ್ತು. ತಂಗಿ ಹಿಡಿಯದಿದ್ದರೆ ನಾನಿಲ್ಲ, ನಿನ್ನ ಗಂಡನೂ ಇಲ್ಲ, ಅಷ್ಟೇ. ಆದರೆ ಹಾಗೆಂದರೆ ಮೂತಿಯ ಹೂವು ಯಾರ ತಲೆಗೆ ಹೋಗ್ತದೆ?

"ನಾನು ಮುಂದೆ ನೋಡಿಕೊಂಡು ಹೋಗುವವಳಪ್ಪ," ಅಂದಳು ಮಾವು. "ಪಕ್ಕದಲ್ಲಿ ಎಂತ ನಡೀತದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಹೊನ್ನಿ ಮನೆಗೆ ಬಂದು ಜಟ್ಗನ ಮುಂದೆ ನಿಂತಳು.

"ಅಲ್ಲಿ ಕೂರದಿದ್ದರೆ ನಾನು ಸಾಯ್ತೇನೆ ಮಾರಾಯ್ತಿ," ಅಂದ ಅವನು.

"ಹಾಗಾದರೆ ಮಾರು ದೂರ ಯಾಕೆ? ಹತ್ತಿರ ಕಟ್ಟು. ನೀನು ದೋಣಿಯಲ್ಲೇ ಕೂರು. ನಾಲ್ಕು ಜನರ ಕಣ್ಣಿಗೆ ಎಲ್ಲ ಸರಿಯಾಗಿ ಕಾಣಲಿ. ಆಗುವುದಿಲ್ಲ ಅಂದರೆ ನಾನು ತವರಿಗೆ ಹೊರಟೆ."

ಕಡಲಿಗೆ ಹೆದರದವನು ನಾಲ್ಕು ಜನರಿಗೆ ಹೆದರಿದ. ಬೆಳಿಗ್ಗೆ ಎದ್ದು ಗಳ ಬಿಚ್ಚಿ, ಹಾಲವಾಣದ ಕೊಂಬೆಯನ್ನು ತಂದು ದೋಣಿಯ ಪಕ್ಕೆಗೆ ಒತ್ತಿ ಬಿಗಿದ.

"ಅಣ್ಣ, ಬೇಡ," ಅಂದಳು ಹಾಲವಾಣ. "ಹೀಗೆ ಕಟ್ಟಿದರೆ ನನ್ನ ಕೈಯಲ್ಲಿ ಆಗುವುದಿಲ್ಲ. ಬೇಕಾದರೆ ನನ್ನನ್ನು ಬಿಚ್ಚಿ ಬಿಸಾಡು, ನೀನೂ ಮನೆಯಲ್ಲೇ ಇರು."

"ನನಗೂ ಗೊತ್ತು ತಂಗಿ. ಮನೆ ನಡೀಬೇಕಲ್ಲ?" ಅಂದ ಜಟ್ಗ. ಅವಳ ಕಡೆ ನೋಡದೆ ಹುಟ್ಟು ಹಾಕಿದ.

ದಂಡೆಯ ಮೇಲೆ ಊರು ನಿಂತು ನೋಡಿತು. "ಈಗ ಮರ್ಯಾದೆಯಾಗಿ ಕಾಣ್ತದೆ," ಅಂದಿತು.

ಹೊಳೆ ಕಡಲಿಗೆ ಸೇರುವ ಅಳಿವೆ ದಾಟುವಾಗ ಪಡುವಣ ಗಾಳಿ ಬಂತು. ದಿನದ ಹಾಗೆ ಭುಜ ಕೊಟ್ಟು ತಳ್ಳಿತು. ಹಾಲವಾಣ ಹಿಡಿಯಲು ಹೋದಳು. ಚಾಚಲು ತೋಳೇ ಇರಲಿಲ್ಲ. ಜಟ್ಗ ಅಭ್ಯಾಸಬಲದಿಂದ ಎದ್ದು ಗಳದ ಮೇಲೆ ಹೋಗಲು ಕಾಲಿಟ್ಟ. ಅಲ್ಲಿ ಬರೀ ನೀರಿತ್ತು.

ಸಂಜೆಗೆ ದೋಣಿ ಮಗುಚಿಕೊಂಡು ದಂಡೆಗೆ ಬಂತು. ಪಕ್ಕೆಯಲ್ಲಿ ಹಾಲವಾಣ ಹಾಗೆಯೇ ಬಿಗಿದಿದ್ದಳು. ಜಟ್ಗ ಬರಲಿಲ್ಲ.

ಹೊನ್ನಿ ಎದೆ ಬಡಿದುಕೊಂಡು ಗಾಳಿಗೆ ಶಾಪ ಹಾಕಿದಳು. ಗಾಳಿ ನಿಂತು ಹೇಳಿತು, "ತಳ್ಳುವುದು ನನ್ನ ಕೆಲಸ, ದಿನವೂ ತಳ್ಳಿದ್ದೇನೆ. ಹಿಡಿಯುವವಳ ಕೈ ಕಟ್ಟಿದವರು ನೀವು."

ಆ ಮಾತನ್ನು ಊರು ಕೇಳಿಸಿಕೊಳ್ಳಲಿಲ್ಲ. ತನಗೆ ಬೇಡದ ಮಾತು ಬಂದಾಗ ಊರಿಗೆ ಕಿವಿ ಮಂದ. ಎಲ್ಲರೂ ದಂಡೆಯ ಹಾಲವಾಣದ ಸುತ್ತ ಸೇರಿದರು.

"ನುಂಗಿದಳು ನೋಡಿ!"

"ಬಿಡಿಸಿ ಹತ್ತಿರ ಕಟ್ಟಿದ್ದಕ್ಕೆ ಸೇಡು ತೀರಿಸಿಕೊಂಡಳು, ಟೊಳ್ಳು ಮುಂಡೆ!"

ಒಬ್ಬೊಬ್ಬರು ಒಂದೊಂದು ಮಾತು ಎಸೆದರು. ಬಿದ್ದ ಮಾತು ಕೆಳಗೆ ಉದುರಲಿಲ್ಲ, ಹೋಗಿ ಅವಳ ನುಣುಪು ಮೈಗೆ ಚುಚ್ಚಿಕೊಂಡಿತು. ಅಲ್ಲೇ ಮೊನಚಾಗಿ, ಕಪ್ಪಾಗಿ ಕೂತುಬಿಟ್ಟಿತು. ಹೊನ್ನಿಯ ಮಾತೇ ಎಲ್ಲಕ್ಕಿಂತ ಆಳಕ್ಕೆ ಹೋಯಿತು.

ಹಾಲವಾಣ ಅಳಲಿಲ್ಲ. ಉಪ್ಪುನೀರಿಗೆ ಅಲ್ಲಿ ಬರಗಾಲವೇನೂ ಇರಲಿಲ್ಲ. ಉಟ್ಟ ಹಸಿರನ್ನೆಲ್ಲ ಬಿಚ್ಚಿ ನೆಲಕ್ಕೆ ಹಾಕಿದಳು. ಒಳಗಿನ ಸಿಟ್ಟು ಕೊಂಬೆ ಕೊಂಬೆ ಹತ್ತಿ ತುದಿಗೆ ಬಂದು ಕೆಂಪು ಹೂವಾಗಿ ಒಡೆಯಿತು. ಊರು ಅದಕ್ಕೂ ಬಾಯಿ ಹಾಕಿತು, "ನೋಡಿ, ಸಾವಿನ ಮನೆಯ ಎದುರು ಕೆಂಪು ಮುಡಿದು ನಿಂತಿದ್ದಾಳೆ!" ಗೊರವಂಕ ಹಾರಿಬಂದು ಆ ಕೆಂಪಿನೊಳಗೆ ಕೊಕ್ಕು ಇಟ್ಟು ನೋಡಿತು. ಸಿಹಿಯಾಗಿತ್ತು. ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂತು.

ಶೋಕ ಎಷ್ಟು ದಿನ ಹೊಟ್ಟೆ ತುಂಬಿಸ್ತದೆ? ಒಲೆ ಮತ್ತೆ ತಣ್ಣಗಾಯಿತು. ಜಟ್ಗನ ತಮ್ಮ ಅತ್ತಿಗೆಯ ಮುಂದೆ ಬಂದು ನಿಂತ. "ಕಡಲಿಗೆ ನಾನು ಹೋಗ್ತೇನೆ ಅತ್ತಿಗೆ. ಪಕ್ಕೆಯ ಹಳೇ ಕೊಂಬೆ ಸೀಳಿಹೋಗಿದೆ, ದೋಣಿ ಹಾಗೇ ಕೊಡಬೇಡ."

ಹೊನ್ನಿ ಕತ್ತಿ ಹಿಡಿದು ಹಾಲವಾಣದ ಹತ್ತಿರ ಬಂದಳು. ಎಲೆಯಿಲ್ಲದ ಮರ ಅವಳ ಬಾಯಿಯನ್ನೇ ನೋಡುತ್ತ ನಿಂತಿತು. ತಪ್ಪಾಯ್ತು ಅಂತ ಒಂದು ಮಾತು. ಅಷ್ಟು ಬಂದಿದ್ದರೆ ಮುಳ್ಳೆಲ್ಲ ಉದುರುತ್ತಿತ್ತು.

ಹೊನ್ನಿ ತುಟಿ ಬಿಚ್ಚಲಿಲ್ಲ. ಒಂದು ಕೊಂಬೆ ಹಿಡಿದು ಎಳೆದಳು. ಮುಳ್ಳು ಅಂಗೈಗೆ ಹೊಕ್ಕಿತು, ರಕ್ತ ಬಂತು. ಅದು ಯಾರ ಮಾತಿನ ಮುಳ್ಳು ಅಂತ ಅವಳಿಗೆ ಗುರುತು ಸಿಕ್ಕಿತೋ ಏನೋ, ಒಂದು ಕ್ಷಣ ಅಂಗೈ ನೋಡಿಕೊಂಡಳು. ಸೆರಗಿಗೆ ಒರೆಸಿಕೊಂಡು ಕಡಿದಳು. ಮೈದುನನ ಮುಂದೆ ಕೊಂಬೆ ಹಾಕಿ ಹೇಳಿದಳು, "ಒಂದು ಮಾರು ದೂರ ಕಟ್ಟು. ಹತ್ತಿರ ಕಟ್ಟಬೇಡ."

ಅವಳಿಗೂ ಗೊತ್ತಾಗಿತ್ತು ಅಂತಾಯಿತಲ್ಲ! ಮತ್ತೆ ಯಾಕೆ ಹೇಳಲಿಲ್ಲ ಅಂತ ನನ್ನನ್ನು ಕೇಳಬೇಡ ಮಗಾ. ಹೇಳಬೇಕಾದವರು ಹೇಳುವುದಿಲ್ಲ, ಅಷ್ಟೇ.

ಅಂದಿನಿಂದ ಗಾಳಿ ತಳ್ಳುತ್ತದೆ, ಹಾಲವಾಣ ಹಿಡಿಯುತ್ತಾಳೆ, ಆದರೆ ಮಾತಾಡುವುದಿಲ್ಲ. ನಾಳೆ ದಂಡೆಗೆ ಹೋದಾಗ ನೋಡು: ಸಣ್ಣ ದೋಣಿಯ ಮೂತಿಗೆ ಈಗಲೂ ಕುಂಕುಮ, ಮಾರು ದೂರ ಕಟ್ಟಿದ ಹಾಲವಾಣಕ್ಕೆ ಈಗಲೂ ಕೆಸರು ಕಾಲು. ಬರುವಾಗ ಬೇಲಿಯ ಕಡೆಗೂ ನೋಡು, ಅಂಗಳದಲ್ಲಿ ಯಾರೂ ನೆಡದ ಹಾಲವಾಣ ಅಲ್ಲಿ ಮೈತುಂಬ ಮುಳ್ಳು ಹೊತ್ತು, ಬಿಸಿಲು ಏರುವ ಕಾಲಕ್ಕೆ ಎಲೆಯೆಲ್ಲ ಉದುರಿಸಿ ಕೆಂಪಗೆ ನಿಂತಿರುತ್ತದೆ. ಅದರ ತಲೆಯ ಮೇಲೆಯೇ ಕೂತು, ಅದರ ಜೇನನ್ನೇ ಕುಡಿಯುತ್ತ, ಗೊರವಂಕಗಳು ಇಡೀ ದಿನ ಅದರ ವಿಷಯವನ್ನೇ ಮಾತಾಡುತ್ತಿರುತ್ತವೆ.