ಮುನ್ನೂರು ವೋಟಿನ ಪ್ಯಾಕೇಜು

ಲಿನಕ್ಸ್ ಕಂಪ್ಯೂಟರೊಂದರ ಬಾಗಿಲನ್ನು ಪಾಸ್‌ವರ್ಡ್ ಕಾಯುತ್ತಿತ್ತು. ಅದು ಹೂಂ ಅನ್ನದೆ ಯಾವ ತಂತ್ರಾಂಶವೂ ಒಳಗೆ ಬರುವಂತಿರಲಿಲ್ಲ. ಒಂದು ದಿನ ಪ್ರಿಂಟರ್ ಓಡಿಸುವ ತಂತ್ರಾಂಶದ ಪ್ಯಾಕೇಜೊಂದು ಬಂದು ನಿಂತಿತು. ಅದನ್ನು ಕಟ್ಟಿದ್ದು ಕಂಪನಿಯಲ್ಲ, ಬಳಸುವವರಲ್ಲೇ ಒಬ್ಬರು.

"ಬೇಗ ಬಿಡು, ಪ್ರಿಂಟರ್ ಕಾಯುತ್ತಿದೆ!" ಎಂದು ಕಂಪ್ಯೂಟರ್ ಒಳಗಿಂದ ಫ್ಯಾನು ಭರ್ರೆನ್ನಿಸುತ್ತ ಚಡಪಡಿಸಿತು.

"ನಿನ್ನನ್ನು ನಂಬುವುದು ಹೇಗೆ?" ಎಂದು ಪಾಸ್‌ವರ್ಡ್ ಪ್ಯಾಕೇಜನ್ನು ಕೇಳಿತು.

"ಬಳಸಿ ನೋಡಿದ ಮುನ್ನೂರು ಜನ ಚೆನ್ನಾಗಿದೆ ಅಂತ ನನಗೆ ವೋಟು ಹಾಕಿದ್ದಾರೆ."

"ಮುನ್ನೂರು ಜನ ಕುರುಡರೇನು? ಬಿಡು ಅಂದೆ!" ಎಂದಿತು ಕಂಪ್ಯೂಟರ್.

"ಕಟ್ಟಿದವರು ಯಾರು?" ಪಾಸ್‌ವರ್ಡ್ ಪಟ್ಟು ಬಿಡಲಿಲ್ಲ.

"ಎಂಟು ವರ್ಷ ಗುರುಶಾಂತ ಮೇಷ್ಟ್ರು ಕಟ್ಟಿದರು. ವೋಟೆಲ್ಲ ಅವರ ಕಾಲದ್ದು. ಅವರು ಕೈಬಿಟ್ಟ ಮೇಲೆ, ಹೋದ ಮಂಗಳವಾರ ಹೊಸಬರೊಬ್ಬರು ಎತ್ತಿಕೊಂಡು ತಿದ್ದಿದರು. ಅವರು ಯಾರೋ ನನಗೂ ಗೊತ್ತಿಲ್ಲ."

"ಒಳಗೆ ಹೋಗಿ ಏನೇನು ಮಾಡಬೇಕೆಂದು ನಿನ್ನ ಚೀಟಿಯಲ್ಲಿ ಬರೆದಿರುತ್ತದಲ್ಲ, ಅದನ್ನು ಓದು."

"ಇದುವರೆಗೆ ಯಾರೂ ಓದಿಸಿಲ್ಲ. ಬೇರೆಯವರು ಓದಿರುತ್ತಾರೆ ಅಂತ ಎಲ್ಲರೂ ಅಂದುಕೊಂಡರು," ಎನ್ನುತ್ತ ಪ್ಯಾಕೇಜು ಚೀಟಿ ಬಿಡಿಸಿತು. "ಮೊದಲು ಪ್ರಿಂಟರನ್ನು ಎಬ್ಬಿಸು. ಆಮೇಲೆ ಬಾಗಿಲು ಕಾಯುವ ಪಾಸ್‌ವರ್ಡನ್ನು ಕದ್ದು ಹೊರಗೆ ಕಳಿಸು."

ಕಂಪ್ಯೂಟರಿನ ಫ್ಯಾನು ಗಪ್ಪಾಯಿತು. ಪಾಸ್‌ವರ್ಡ್ ಕಿರುಚಿತು: "ನಡೆ ಇಲ್ಲಿಂದ!"

ಪ್ಯಾಕೇಜಿಗೆ ಸಿಟ್ಟೇನೂ ಬರಲಿಲ್ಲ. "ಹೋಗುತ್ತೇನೆ. ಆದರೆ ಹೋದ ವಾರ ಹನ್ನೊಂದು ಪ್ಯಾಕೇಜುಗಳನ್ನು ಒಳಗೆ ಬಿಟ್ಟೆಯಲ್ಲ, ಅವುಗಳ ಚೀಟಿ ಓದಿಸಿದ್ದೆಯಾ?"

ಇಷ್ಟು ವರ್ಷ ಹೊರಗಡೆಗೇ ಮುಖ ಮಾಡಿ ನಿಂತಿದ್ದ ಪಾಸ್‌ವರ್ಡ್, ಅಂದು ಮೊದಲ ಸಲ ಒಳಗಡೆ ತಿರುಗಿ ನೋಡಿತು.